ಮೊದಲ ಆರು ಬೈಟ್‌ಗಳು

ಫೆಬ್ರವರಿ 1, ಮಧ್ಯಾಹ್ನ

ಅತ್ತೆಯವರಿಗೆ,

ನಿಮ್ಮನ್ನು ನದಿ ನೀರೆತ್ತುವ ಮೂಲಸ್ಥಾವರಕ್ಕೆ ವರ್ಗ ಮಾಡಿ ಎರಡು ತಿಂಗಳಾಯಿತು. ನದಿ ದಂಡೆಯ ಆ ತಗ್ಗಿನಲ್ಲಿ ಫೋನ್ ಸಿಗುವುದಿಲ್ಲ, ನಮ್ಮ ನೀರು ಸರಬರಾಜು ಇಲಾಖೆಯ ಜೀಪು ಶನಿವಾರಕ್ಕೊಮ್ಮೆ ಮಾತ್ರ ಹೋಗಿಬರುತ್ತದೆ ಎಂದು ನಿಮ್ಮ ಮಗ ಹೇಳಿದ್ದರಿಂದ ಈ ಕಾಗದ. ಬರೆಯಬೇಕೆಂದು ಕೂತದ್ದು ಇದು ನಾಲ್ಕನೆಯ ಸಲ. ಪ್ರತಿ ಸಲವೂ ನಿಮ್ಮ ಮೊಮ್ಮಗಳು ಎದ್ದಳು, ಅಥವಾ ಎದ್ದಳೆಂದು ನನಗೆ ಅನ್ನಿಸಿತು.

ಅವಳಿಗೀಗ ಆರು ವಾರ. ಸದ್ಯಕ್ಕೆ ಬಟಾಣಿ ಎಂದು ಕರೆಯುತ್ತಿದ್ದೇವೆ. ಮಲಗಿದಾಗ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಅಷ್ಟಕ್ಕೇ ಎಚ್ಚರವಾಗುತ್ತಾಳೆ. "ಮಲಗಿರೋ ಮಗೂನ ಎಬ್ಬಿಸಿ ಬದುಕಿದ್ದೀಯಾ ಅಂತ ಕೇಳೋ ತಾಯಿ ನೀನೊಬ್ಬಳೇ" ಎನ್ನುತ್ತಾರೆ ನಿಮ್ಮ ಮಗ, ಪ್ರೆಸ್ಸಿಗೆ ಹೊರಡುತ್ತ. ಒಂದೇ ಸಮನೆ ಮೂರು ಗಂಟೆ ಮಲಗಿದ್ದು ಯಾವಾಗ ಎಂದು ನೆನಪಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯುವುದನ್ನು ನಿಂತು ನೋಡುತ್ತೇನೆ. ಒಲೆ ಆರಿಸಬೇಕಾದವಳು ನಾನೇ ಎಂದು ಹೊಳೆಯುವಷ್ಟರಲ್ಲಿ ಪಾತ್ರೆ ಅರ್ಧ ಆಗಿರುತ್ತದೆ.

ಇನ್ನು ಮುಖ್ಯ ವಿಷಯ. ರಜೆಯಲ್ಲಿದ್ದರೂ ಆಫೀಸಿನಿಂದ ಕೆಲಸ ಬಂದಿದೆ. ನವೆಂಬರ್ ನಾಲ್ಕರ ಘಟನೆಯ ವಿಚಾರಣೆಯ ಅಂತಿಮ ಆದೇಶ ಮಾರ್ಚ್ ಹದಿನೈದಕ್ಕೆ. ಅದಕ್ಕೆ ಒಂದು ಅನುಬಂಧ ಬೇಕಂತೆ: ನನ್ನ ಪ್ರೋಗ್ರಾಂ ತೋರಿಸಿದ ಕಾಲಮ್ಮುಗಳಿಗೆ ಏನರ್ಥ ಎಂದು ಕಂಪ್ಯೂಟರ್ ಗೊತ್ತಿಲ್ಲದವರಿಗೂ ತಿಳಿಯುವಂತೆ ಬರೆಯಬೇಕು. ಆ ಆದೇಶ ನಿಮ್ಮ ಬಗ್ಗೆಯೇ. ಕಡ್ಡಾಯ ನಿವೃತ್ತಿ ಎಂಬ ಮಾತು ಓಡಾಡುತ್ತಿದೆ. ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮ ಮೇಲೆ ಬರೆಯುವುದು ನನ್ನಿಂದಾಗದು, ಅದಕ್ಕೇ ಬರೆಯಲಿರುವುದನ್ನು ಮೊದಲು ನಿಮಗೇ ಹೇಳುತ್ತಿದ್ದೇನೆ.

ಒಂದು ಯಂತ್ರ ಇನ್ನೊಂದಕ್ಕೆ ಏನು ಕಳಿಸಿದರೂ ಅದು ಕೇಬಲ್ಲಿನಲ್ಲಿ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿನ ನೆತ್ತಿಯ ಮೇಲೆ ಹದಿನಾಲ್ಕು ಬೈಟ್‌ಗಳ ಹೆಡರ್. ಕಳಿಸಿದ ಯಂತ್ರದ ವಿಳಾಸಕ್ಕೆ ಆರು, ಪಡೆಯುವ ಯಂತ್ರದ ವಿಳಾಸಕ್ಕೆ ಆರು, ಒಳಗೆ ಯಾವ ಬಗೆಯ ಸರಕಿದೆ ಎಂಬುದಕ್ಕೆ ಎರಡು. ಸುಮ್ಮನೆ ನೋಡಿದರೆ ಅದು ಬರೀ ಅಂಕಿಗಳ ಮಳೆ. ಅದನ್ನು ತುಂಡು ಮಾಡಿ 'ಇವರಿಂದ', 'ಇವರಿಗೆ', 'ಬಗೆ' ಎಂದು ಮೂರು ಕಾಲಮ್ಮಿನಲ್ಲಿ ತೋರಿಸುವ ಪ್ರೋಗ್ರಾಂ ನಾನು ಸಿ ಭಾಷೆಯಲ್ಲಿ ಬರೆದದ್ದು.

ಆ ದಿನ ಬೆಳಿಗ್ಗೆ ಏಳು ಹತ್ತರಿಂದ ಏಳು ಐವತ್ತರವರೆಗೆ ನೆಟ್‌ವರ್ಕ್ ಕಟ್ಟಿಕೊಂಡಿತು. ಮೂರನೇ ಪಂಪ್‌ಹೌಸಿನಿಂದ ಟ್ಯಾಂಕಿನ ಮಟ್ಟ ಬರುವುದು ನಿಂತಿತು, ಪಂಪು ಓಡುತ್ತಲೇ ಇತ್ತು, ಟ್ಯಾಂಕ್ ತುಂಬಿ ಹೊರಚೆಲ್ಲಿ ಕೆಳಗಿನ ಬಡಗಿಗಳ ಬೀದಿಗೆ ನುಗ್ಗಿತು. ಮೂರನೇ ಪಂಪ್‌ಹೌಸಿನ ಯಂತ್ರ, ಅಂದರೆ ನಿಮ್ಮದು, ಸೆಕೆಂಡಿಗೆ ಹನ್ನೊಂದು ಸಾವಿರ ಪ್ಯಾಕೆಟ್ಟು ಸುರಿಯುತ್ತಿತ್ತು ಎಂದು ನನ್ನ ಪರದೆ ತೋರಿಸಿತು. ಆ ಯಂತ್ರಕ್ಕೆ ನೀವು ಹೊರಗಿನ ಏನನ್ನೋ ಸಿಕ್ಕಿಸಿರಬೇಕು ಎಂದು ವಿಚಾರಣೆಯವರು ಊಹಿಸಿದರು. ನಾನು ಊಹಿಸಲಿಲ್ಲ ಅತ್ತೆ. ಕಂಡದ್ದನ್ನು ಓದಿದೆ, ಅಷ್ಟೆ.

ನಿಮ್ಮ ಬೂದು ಸ್ವೆಟರ್ ಕಳಿಸಿದ್ದೇನೆ.

ನಿಮ್ಮ ಸೊಸೆ


ಫೆಬ್ರವರಿ 10

ಸ್ವೆಟರ್ ಬಂತು. ಇಲ್ಲಿ ಒಂದನೇ ಪಂಪು ಓಡುತ್ತಿದೆ, ಎರಡನೆಯದು ರಿಪೇರಿಗೆ ಬಿಚ್ಚಿ ಇಟ್ಟಿದೆ. ನನ್ನ ಆರೋಗ್ಯ ಮೊದಲನೆಯದರ ಹಾಗಿದೆ.

ನಿನ್ನ ಕಾಗದ ಎರಡು ಸಲ ಓದಿದೆ. ನೇಣು ಹಾಕೋರು ಹಗ್ಗ ಹೇಗೆ ಹೊಸೀತಾರೆ ಅಂತ ನನಗೇ ಬಿಡಿಸಿ ಹೇಳಿದ ಹಾಗಿತ್ತು. ಚೆನ್ನಾಗಿ ಹೇಳಿದ್ದೀಯ, ಅರ್ಥ ಆಯ್ತು. ಕಂಪ್ಯೂಟರ್ ಗೊತ್ತಿಲ್ಲದವರಿಗೂ ತಿಳಿಯುತ್ತೆ. ಧೈರ್ಯವಾಗಿ ಕಳಿಸು.

ಒಂದು ಸಣ್ಣ ಅನುಮಾನ. ನನ್ನ ಯಂತ್ರಕ್ಕೆ ಹದಿನೈದು ವರ್ಷ. ಟ್ಯಾಂಕಿನ ಮಟ್ಟ ಕೇಳಿದರೆ ಒಂದು ಅಂಕಿ ತೋರಿಸೋಕೆ ಮೂರು ಸೆಕೆಂಡು ಯೋಚನೆ ಮಾಡ್ತಿತ್ತು. ನಾನು ಅದಕ್ಕೆ ಮುದುಕ ಅಂತಲೇ ಕರೀತಿದ್ದೆ. ಕೂತಲ್ಲಿಂದ ಏಳೋಕಾಗದ ಮುದುಕ ಒಂದು ದಿನ ಬೆಳಿಗ್ಗೆ ಸೆಕೆಂಡಿಗೆ ಹನ್ನೊಂದು ಸಾವಿರ ಸಲ ಕೂಗಿದ ಅಂದರೆ, ಇಪ್ಪತ್ತಾರು ವರ್ಷ ಮೋಟಾರು ನೋಡಿದವಳು ನಾನು, ನನಗೆ ನಂಬೋಕೆ ಕಷ್ಟ. ಅಷ್ಟು ಶಕ್ತಿ ಅವನಿಗೆ ಎಲ್ಲಿಂದ ಬಂತು?

ಜೀಪು ಹೊರಟಿತು.

ಆಪರೇಟರ್, ಮೂಲಸ್ಥಾವರ


ಫೆಬ್ರವರಿ 14

ಅತ್ತೆ,

ನೀವು ಕೋಪದಲ್ಲಿ ಬರೆದಿದ್ದೀರಿ, ಬರೆಯಬೇಕಾದ್ದೇ. ಆದರೆ ನಿಮ್ಮ ಪ್ರಶ್ನೆ ನನ್ನ ತಲೆ ಬಿಟ್ಟು ಹೋಗುತ್ತಿಲ್ಲ.

ಪ್ರೋಗ್ರಾಮಿನಲ್ಲಿ ಎಲ್ಲಿ ತಪ್ಪಾಗಬಹುದೋ ಅಲ್ಲೆಲ್ಲ ನಾನು ಕಾವಲು ನಿಂತಿದ್ದೆ. ಕೊನೆಯ ಎರಡು ಬೈಟ್‌ಗಳನ್ನು ಕೇಬಲ್ಲು ಒಂದು ಕ್ರಮದಲ್ಲಿ ಕೊಡುತ್ತದೆ, ನಮ್ಮ ಕಂಪ್ಯೂಟರ್ ಅದನ್ನು ತಿರುವುಮುರುವಾಗಿ ಓದುತ್ತದೆ; ಮತ್ತೆ ಸರಿಯಾಗಿ ತಿರುಗಿಸಿ ತೋರಿಸಬೇಕು. ಆ ಒಂದು ಸಾಲಿಗೆ ಮೂರು ದಿನ ಹೋಯಿತು. ಸೊನ್ನೆಯಿಂದ ಶುರುವಾಗುವ ಬೈಟಿನ ಸೊನ್ನೆ ಪರದೆಯಲ್ಲಿ ಮಾಯವಾಗದ ಹಾಗೆ ನೋಡಿಕೊಂಡೆ. ಆಮೇಲೆ ಎರಡು ಯಂತ್ರಗಳನ್ನು ಮೇಜಿನ ಮೇಲಿಟ್ಟು ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿಸಿ ಪರೀಕ್ಷೆ ಮಾಡಿದೆ. ಇದು ಕರೆಯಿತು, ಅದು ಓಗೊಟ್ಟಿತು, ಎರಡರ ವಿಳಾಸವೂ ಸರಿಯಾಗಿ ಬಂತು. ಪಕ್ಕದ ಮೇಜಿನ ಡ್ರಾಫ್ಟ್ಸ್‌ಮನ್ "ಮದುವೆ ಮಾತುಕತೆ ನಡೀತಾ ಇದೆಯಾ ಮೇಡಂ" ಎಂದು ತಮಾಷೆ ಮಾಡಿದರು.

ಹಾಗಾಗಿ ಪ್ರೋಗ್ರಾಂ ಸರಿ. ಮುದುಕನಿಗೆ ಶಕ್ತಿ ಎಲ್ಲಿಂದ ಬಂತು ಎಂಬುದು ನನಗೂ ಗೊತ್ತಿಲ್ಲ.

ವಿಚಾರಣಾಧಿಕಾರಿಗಳು ಪ್ರತಿ ಕಾಲಮ್ಮಿಗೂ ಆಧಾರವಾಗಿ ಪುಸ್ತಕದ ಪುಟಸಂಖ್ಯೆ ಕೇಳಿದ್ದಾರೆ. ನನ್ನ ಕಾಲೇಜಿನ ಪುಸ್ತಕಗಳು ಅಟ್ಟದ ಮೇಲಿವೆ. ನಿಮ್ಮ ಮಗನಿಗೆ ಇಳಿಸಿಕೊಡಲು ಹೇಳಿ ಒಂದು ವಾರ ಆಯಿತು. ಬಟಾಣಿಗೆ ಮೊನ್ನೆ ಚುಚ್ಚುಮದ್ದು ಹಾಕಿಸಿದೆವು. ಮೈ ಬಿಸಿಯಿದೆ. ಡಾಕ್ಟರು ಸಹಜ ಎಂದರು. ಸಹಜ ಎಂಬ ಮಾತನ್ನು ಅಷ್ಟು ಬೇಗ ಹೇಳುವವರನ್ನು ಕಂಡರೆ ನನಗೆ ಭಯ. ಮೂರು ಥರ್ಮಾಮೀಟರ್ ಕೊಂಡಿದ್ದೇನೆ, ಮೂರೂ ಮೂರು ಹೇಳುತ್ತವೆ.

ಸೊಸೆ


ಫೆಬ್ರವರಿ 20

ಅತ್ತೆ,

ಸುತ್ತಿಬಳಸಿ ಬರೆಯಲು ನನ್ನಲ್ಲಿ ತ್ರಾಣವಿಲ್ಲ. ನಿಮ್ಮ ಯಂತ್ರ ಆ ದಿನ ಏನನ್ನೂ ಕಳಿಸಿರಲಿಲ್ಲ.

ನಿನ್ನೆ ಪುಸ್ತಕ ಕೆಳಗೆ ಬಂತು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಪುಟಸಂಖ್ಯೆ ಬರೆದುಕೊಳ್ಳೋಣ ಎಂದು ಹೆಡರಿನ ಚಿತ್ರವಿರುವ ಪುಟ ತೆಗೆದೆ. ಮೊದಲ ಆರು ಬೈಟ್: ಯಾರಿಗೆ. ಮುಂದಿನ ಆರು: ಯಾರಿಂದ. ಮುದ್ರಣದ ತಪ್ಪಿರಬೇಕೆಂದು ಇನ್ನೊಂದು ಪುಸ್ತಕ ತೆಗೆದೆ. ಅದರಲ್ಲೂ ಹಾಗೆಯೇ. ಕಾರಣವನ್ನೂ ಕೊಟ್ಟಿದ್ದಾರೆ. ಕೇಬಲ್ಲುಗಳು ಕೂಡುವ ಪೆಟ್ಟಿಗೆಗೆ ಮೊಟ್ಟಮೊದಲು ಬೇಕಾದದ್ದು ಇದನ್ನು ಯಾರಿಗೆ ಮುಟ್ಟಿಸಬೇಕು ಎಂಬುದು. ಯಾರು ಕಳಿಸಿದರು ಎಂಬುದನ್ನು ಆಮೇಲೆ ನೋಡಿಕೊಂಡರಾಯಿತು.

ನಾನು ಉಲ್ಟಾ ಬರೆದಿದ್ದೆ. ಶಾಲೆಯಲ್ಲಿ ರಜೆಚೀಟಿ ಬರೆಯಲು ಕಲಿಸುತ್ತಾರಲ್ಲ, ಮೇಲೆ 'ಇವರಿಂದ', ಅದರ ಕೆಳಗೆ 'ಇವರಿಗೆ'. ಹತ್ತು ವರ್ಷ ಹಾಗೆ ಬರೆದ ಕೈ. ಪ್ರೋಗ್ರಾಮಿನಲ್ಲಿ ಹೆಡರಿಗೆಂದು ಮೂರು ಖಾನೆ ಮಾಡುವಾಗ ಕೈ ತಾನಾಗಿಯೇ ಅದೇ ಕ್ರಮದಲ್ಲಿ ಬರೆಯಿತು, ನಾನು ತಿರುಗಿ ನೋಡಲಿಲ್ಲ. ಕಷ್ಟದ ಎರಡು ಬೈಟ್‌ಗಳಿಗೆ ಮೂರು ದಿನ ಕೊಟ್ಟವಳು ಸುಲಭದ ಹನ್ನೆರಡಕ್ಕೆ ಮೂರು ನಿಮಿಷ ಕೊಡಲಿಲ್ಲ.

ಪರೀಕ್ಷೆಯಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ ಎಂದರೆ, ಎರಡು ಯಂತ್ರಗಳು ಒಂದನ್ನೊಂದು ಕರೆಯುತ್ತಿದ್ದಾಗ ಯಾವುದು ಯಾವುದನ್ನು ಕರೆಯಿತು ಎಂದು ಯಾರು ನೋಡುತ್ತಾರೆ? ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕೂಗುವ ಪ್ಯಾಕೆಟ್ಟುಗಳಿವೆ, ಅವು ನನ್ನ ಪರದೆಗೆ ಬಂದಿದ್ದರೆ 'ಎಲ್ಲರಿಗೂ' ಎಂಬ ವಿಳಾಸ 'ಇವರಿಂದ' ಕಾಲಮ್ಮಿನಲ್ಲಿ ಕೂತು ಮೊದಲ ದಿನವೇ ತಪ್ಪು ಕಾಣುತ್ತಿತ್ತು. ಅವನ್ನು ಕೇಬಲ್ಲಿನಲ್ಲಿ ಹೋಗುವುದನ್ನೆಲ್ಲ ಹಿಡಿದಿಡುವ ನಮ್ಮ ಹಳೆಯ ರೆಕಾರ್ಡರು ಕಸ ಎಂದು ಮೊದಲೇ ಸೋಸಿಬಿಡುತ್ತದೆ.

ಆಫೀಸಿನಿಂದ ಬಂದ ಹತ್ತು ಹಾಳೆಯ ಮೂಲ ಅಂಕಿಗಳನ್ನು ಪೆನ್ಸಿಲ್ ಹಿಡಿದು ಕೈಯಿಂದಲೇ ಓದಿದೆ. ಪ್ರತಿ ಸಾಲಿನ ಮೊದಲ ಆರು ಬೈಟ್ ನಿಮ್ಮ ಮುದುಕನ ವಿಳಾಸ. ಕಳಿಸುತ್ತಿದ್ದದ್ದು ನಿಯಂತ್ರಣ ಕೊಠಡಿಯ ಗೋಡೆಯ ದೊಡ್ಡ ಡಿಸ್‌ಪ್ಲೇ. ಅದನ್ನು ಹಿಂದಿನ ಸಂಜೆಯಷ್ಟೇ ದೊಡ್ಡ ಸಾಹೇಬರು ತಾವೇ ನಿಂತು ಹಾಕಿಸಿದ್ದರು, ನೋಡಲು ಬರುವವರಿಗೆ ಚೆನ್ನಾಗಿರಲಿ ಎಂದು. ಅದು ನಿಮ್ಮ ಯಂತ್ರವನ್ನು ಮಟ್ಟ ಎಷ್ಟು, ಮಟ್ಟ ಎಷ್ಟು ಎಂದು ಸೆಕೆಂಡಿಗೆ ಹನ್ನೊಂದು ಸಾವಿರ ಸಲ ಕೇಳುತ್ತಿತ್ತು. ಮುದುಕ ಕೂಗಲಿಲ್ಲ ಅತ್ತೆ. ಬಾಯಿ ಬಿಡಲು ಅವನಿಗೆ ಬಿಡುವೇ ಇರಲಿಲ್ಲ.

"ಯಂತ್ರ ಸುಳ್ಳು ಹೇಳಲ್ಲ ಅತ್ತೆ" ಎಂದು ನಾನು ಊಟದ ಮೇಜಿನಲ್ಲಿ ಅಂದಿದ್ದೆ. ನೀವು ತಟ್ಟೆ ಎತ್ತಿಕೊಂಡು ಎದ್ದುಹೋದಿರಿ.

ಆಫೀಸಿಗೆ ಇನ್ನೂ ಹೇಳಿಲ್ಲ. ನನ್ನ ಪ್ರೊಬೇಷನ್ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ವಿಚಾರಣೆಯಲ್ಲಿ ತಪ್ಪು ಸಾಕ್ಷಿ ಓದಿದವಳನ್ನು, ಅದರಲ್ಲೂ ದೊಡ್ಡ ಸಾಹೇಬರ ಡಿಸ್‌ಪ್ಲೇ ಕಡೆ ಬೆರಳು ತೋರಿಸುವವಳನ್ನು ಅವರು ಉಳಿಸಿಕೊಳ್ಳುತ್ತಾರೆಯೇ? ನಾನು ಏನು ಮಾಡಲಿ, ಹೇಳಿ. ನನ್ನನ್ನು ಕ್ಷಮಿಸುತ್ತೀರಾ?

ಸೊಸೆ


ಫೆಬ್ರವರಿ 29

ಅತ್ತೆ,

ಶನಿವಾರದ ಜೀಪಿನಲ್ಲಿ ನಿಮ್ಮ ಕಾಗದ ಬರಲಿಲ್ಲ. ಡ್ರೈವರನ್ನು ಕೇಳಿದೆ, "ಕೊಟ್ಟೆ ಅಕ್ಕ, ಓದಿ ಮಡಿಸಿ ಜೇಬಲ್ಲಿಟ್ಕೊಂಡ್ರು" ಎಂದ.

ಎರಡು ಸಲ ಆಫೀಸಿಗೆ ಫೋನ್ ಮಾಡಿದೆ. ಒಂದು ಸಲ ಟೈಪಿಸ್ಟ್ ಎತ್ತಿದರು, ಮಗುವಿನ ತೂಕ ಎಷ್ಟಾಯಿತು ಎಂದು ಕೇಳಿದರು, ತೂಕ ಹೇಳಿ ಇಟ್ಟೆ. ಇನ್ನೊಂದು ಸಲ ರಿಂಗಾಗುವ ಮೊದಲೇ ಇಟ್ಟೆ.

ನಿಮ್ಮ ಮಗನಿಗೆ ಎಲ್ಲ ಹೇಳಿದ್ದೇನೆ. ಅವರು ಕೂಗಾಡುತ್ತಾರೆಂದು ಕಾದೆ. ಬಟಾಣಿಯ ಬಟ್ಟೆ ಮಡಿಸುತ್ತಲೇ ಕೂತಿದ್ದರು. ಆಮೇಲೆ, "ಅಮ್ಮನಿಗೆ ಬರೆದಿದ್ದೀಯ. ಸರಿ. ಆದರೆ ಆದೇಶ ಬರೆಯೋರು ಅಮ್ಮ ಅಲ್ಲವಲ್ಲ" ಎಂದರು. ಅಷ್ಟೇ.

ತಪ್ಪು ತಿಳಿದು ಹತ್ತು ದಿನವಾಯಿತು. ಆ ಮೊದಲು ತಿಳಿಯದೆ ಮಾಡಿದ್ದೆ. ಈ ಹತ್ತು ದಿನದ್ದು ತಿಳಿದು ಮಾಡಿದ್ದು.

ಸೊಸೆ


ಮಾರ್ಚ್ 2

ನಿನ್ನ ಇಪ್ಪತ್ತೊಂಬತ್ತರ ಕಾಗದ ಈಗ ಕೈಗೆ ಬಂತು. ಡ್ರೈವರನ್ನ ನಿಲ್ಲಿಸಿಕೊಂಡು ಬರೀತಿದ್ದೀನಿ, ಅವನು ಎಂಜಿನ್ ಆರಿಸದೆ ನನ್ನ ಮುಖ ನೋಡ್ತಿದ್ದಾನೆ.

ಕಳೆದ ವಾರ ಯಾಕೆ ಬರೀಲಿಲ್ಲ ಅಂದರೆ, ಬರೆದಿದ್ದರೆ ಬಾಯಿಗೆ ಬಂದದ್ದು ಬರೀತಿದ್ದೆ. ಆ ಡಿಸ್‌ಪ್ಲೇ ಅಂತ ಗೊತ್ತಾದ ಮೇಲೆ ಎರಡು ದಿನ ಒಬ್ಬಳೇ ಬೈದುಕೊಂಡು ಓಡಾಡಿದೆ. ಕೇಳೋಕೆ ಪಂಪು ಬಿಟ್ಟರೆ ಯಾರೂ ಇರಲಿಲ್ಲ.

ಏನು ಮಾಡಲಿ ಅಂತ ನನ್ನನ್ನ ಯಾಕೆ ಕೇಳ್ತೀಯ? ಸುಮ್ಮನಿರು ಅಂತ ನಾನು ಹೇಳಬೇಕಾ? ಹೇಳಿದರೆ ನೀನು ಸುಮ್ಮನಿರ್ತೀಯ, ಆಮೇಲೆ ಅತ್ತೆಯೇ ಹೇಳಿದರು ಅಂತ ಮಲಗ್ತೀಯ. ಹೋಗು ಹೇಳು ಅಂದರೆ, ಅತ್ತೆ ತಮ್ಮ ನೌಕರಿಗೋಸ್ಕರ ನನ್ನದನ್ನ ಕಳೆದರು ಅಂತ ನಿನ್ನ ಮನಸ್ಸಲ್ಲಿ ಜೀವನಪೂರ್ತಿ ಇರುತ್ತೆ. ಎರಡೂ ನನಗೆ ಬೇಡ.

ನೀನು ಕೇಳಿರೋದು ಕ್ಷಮೆ. ಅದನ್ನ ಈಗ ಕೊಟ್ಟರೆ ನಿನಗೆ ಹಗುರ ಆಗುತ್ತೆ. ಹಗುರ ಆದವರು ಆಫೀಸಿನ ಮೆಟ್ಟಿಲು ಹತ್ತಲ್ಲ. ಅದಕ್ಕೇ ಈಗ ಕೊಡೋದಿಲ್ಲ.

ಮಗುವಿಗೆ ಜ್ವರ ಬಿಡ್ತಾ? ಥರ್ಮಾಮೀಟರ್ ಒಂದು ಇಟ್ಟುಕೋ, ಉಳಿದ ಎರಡನ್ನ ಯಾರಿಗಾದರೂ ಕೊಟ್ಟುಬಿಡು.

ಅತ್ತೆ


ಮಾರ್ಚ್ 5

ವಿಚಾರಣಾಧಿಕಾರಿಗಳಿಗೆ,

ನವೆಂಬರ್ 4ರ ಘಟನೆಯ ಬಗ್ಗೆ ನಾನು ವಿಚಾರಣೆಯಲ್ಲಿ ಓದಿದ ಪಟ್ಟಿ ತಪ್ಪಾಗಿದೆ. ಪ್ಯಾಕೆಟ್ ಹೆಡರಿನಲ್ಲಿ ಮೊದಲ ಆರು ಬೈಟ್‌ಗಳು ಪಡೆಯುವ ಯಂತ್ರದ ವಿಳಾಸ. ನಾನು ಬರೆದ ಪ್ರೋಗ್ರಾಂ ಅದನ್ನು ಕಳಿಸುವ ಯಂತ್ರದ ವಿಳಾಸವೆಂದು ತೋರಿಸುತ್ತಿತ್ತು. ಈ ತಪ್ಪು ನನ್ನದು. ರೆಕಾರ್ಡರಿನದಲ್ಲ, ಮೂರನೇ ಪಂಪ್‌ಹೌಸಿನ ಆಪರೇಟರ್ ಅವರದಲ್ಲ.

ಹೀಗಾಗಿ ಆ ಬೆಳಿಗ್ಗೆ ಪ್ಯಾಕೆಟ್ಟುಗಳನ್ನು ಕಳಿಸಿದ್ದು ಮೂರನೇ ಪಂಪ್‌ಹೌಸಿನ ಯಂತ್ರವಲ್ಲ, ನಿಯಂತ್ರಣ ಕೊಠಡಿಯ ಗೋಡೆಯ ಡಿಸ್‌ಪ್ಲೇ. ಪುಸ್ತಕದ ಪುಟದ ನಕಲು ಮತ್ತು ಕೈಯಿಂದ ಓದಿದ ಹತ್ತು ಹಾಳೆಗಳು ಜೊತೆಗಿವೆ. ತಪ್ಪು ನನಗೆ ತಿಳಿದದ್ದು ಫೆಬ್ರವರಿ 19ರಂದು. ತಿಳಿಸಲು ಹದಿನೈದು ದಿನ ತಡಮಾಡಿದ್ದೇನೆ. ಅದಕ್ಕೆ ಕಾರಣ ಕೊಡಲು ನನ್ನ ಬಳಿ ಏನೂ ಇಲ್ಲ.

ಆಪರೇಟರ್ ಅವರು ನನ್ನ ಗಂಡನ ತಾಯಿ. ಇದು ತಮಗೆ ಗೊತ್ತಿದೆ. ಆದರೂ ಬರವಣಿಗೆಯಲ್ಲಿ ಇರಲಿ ಎಂದು ಬರೆದಿದ್ದೇನೆ.

ಸಹಾಯಕ ಪ್ರೋಗ್ರಾಮರ್, ಹೆರಿಗೆ ರಜೆಯಲ್ಲಿ


ಮಾರ್ಚ್ 8

ಅತ್ತೆ,

ಮೇಲಿನದು ನಾನು ಕೊಟ್ಟ ಪತ್ರದ ನಕಲು. ನಿನ್ನೆ ಕರೆಸಿದರು. ಬಟಾಣಿಯನ್ನು ಎತ್ತಿಕೊಂಡೇ ಹೋದೆ, ಬಿಟ್ಟುಹೋಗಲು ಯಾರೂ ಇರಲಿಲ್ಲ. ಮೇಜಿನ ಒಂದು ಕಡೆ ವಿಚಾರಣಾಧಿಕಾರಿಗಳು, ಇನ್ನೊಂದು ಕಡೆ ದೊಡ್ಡ ಸಾಹೇಬರು.

"ನವೆಂಬರ್‌ನಲ್ಲಿ ನೀವು ಓದಿದ್ದು ತಪ್ಪು ಅಂತೀರಿ" ಎಂದರು ವಿಚಾರಣಾಧಿಕಾರಿ.

"ತಪ್ಪು ಸರ್."

"ಆವತ್ತೂ ಇಷ್ಟೇ ಖಚಿತವಾಗಿ ಹೇಳಿದ್ರಿ."

"ಹೌದು ಸರ್."

"ಮತ್ತೆ ಇವತ್ತು ಹೇಳೋದನ್ನ ಹೇಗೆ ನಂಬೋದು?"

"ನನ್ನನ್ನ ನಂಬಬೇಡಿ ಸರ್. ಆ ಡಿಸ್‌ಪ್ಲೇ ಹಿಂದೆ ಅದರ ವಿಳಾಸದ ಸ್ಟಿಕ್ಕರ್ ಇರುತ್ತೆ. ಡಿಸ್‌ಪ್ಲೇನ ಬಿಚ್ಚಿಸಿ, ಉಗ್ರಾಣದಲ್ಲಿರೋ ಮೂರನೇ ಪಂಪ್‌ಹೌಸಿನ ಹಳೇ ಯಂತ್ರಕ್ಕೆ ಸಿಕ್ಕಿಸಿ. ನನ್ನ ಪ್ರೋಗ್ರಾಂ ಬೇಡ. ಬಂದ ಅಂಕಿಗಳನ್ನ ನೀವೇ ಪೆನ್ಸಿಲ್ ಹಿಡಿದು ಎಣಿಸಿ."

ದೊಡ್ಡ ಸಾಹೇಬರು ಆಗ ಮಾತಾಡಿದರು, ಬಹಳ ಪ್ರೀತಿಯಿಂದ. "ಬಾಣಂತಿ ಪಾಪ, ನಿದ್ದೆ ಇಲ್ಲ, ಏನೋ ಗೊಂದಲ ಆಗಿದೆ. ಮನೆಗೆ ಹೋಗಿ ರೆಸ್ಟ್ ತಗೊಳಮ್ಮ. ಅತ್ತೆ ಅಂದ ಮೇಲೆ ಸಂಕಟ ಇರುತ್ತೆ, ಅರ್ಥ ಆಗುತ್ತೆ."

"ನಿದ್ದೆ ಸರಿಯಾಗಿದ್ದಾಗ ಬರೆದದ್ದೇ ತಪ್ಪಾಗಿರೋದು ಸರ್" ಎಂದೆ. ಜಾಣತನದಿಂದ ಹೇಳಿದ್ದಲ್ಲ ಅತ್ತೆ, ಅದೇ ನಿಜವಾಗಿತ್ತು. ಟೈಪಿಸ್ಟ್ ಕೆಮ್ಮಿದರು. ವಿಚಾರಣಾಧಿಕಾರಿ ಸಾಹೇಬರ ಕಡೆ ನೋಡದೆ, "ಬಿಚ್ಚಿಸಿ" ಎಂದರು.

ಎಲೆಕ್ಟ್ರಿಷಿಯನ್ ಏಣಿ ತಂದರು. ಹಳೆಯ ಯಂತ್ರವನ್ನು ಮೇಜಿನ ಮೇಲಿಟ್ಟು ಸಿಕ್ಕಿಸಿದಾಗ ಅದರ ಪರದೆ ಎರಡೇ ಕ್ಷಣದಲ್ಲಿ ನಿಂತುಹೋಯಿತು. ಅಂಕಿಗಳನ್ನು ಮುದ್ರಿಸಿದರು. ವಿಚಾರಣಾಧಿಕಾರಿ ಕನ್ನಡಕ ಹಣೆಗೇರಿಸಿ, ಪೆನ್ಸಿಲ್ ತುದಿಯಿಂದ ಒಂದೊಂದೇ ಜೋಡಿ ಮುಟ್ಟುತ್ತ ಆರರವರೆಗೆ ಎಣಿಸಿದರು, ಗೆರೆ ಹಾಕಿದರು, ಮತ್ತೆ ಆರು ಎಣಿಸಿ ಸ್ಟಿಕ್ಕರಿನ ಜೊತೆ ಹೋಲಿಸಿದರು. ಬಟಾಣಿ ಆ ಹಾಳೆಯ ಮೂಲೆಗೆ ಹಾಲು ಕಕ್ಕಿದಳು. ಅವರು ಕರವಸ್ತ್ರದಿಂದ ಒರೆಸಿ ಇನ್ನೊಂದು ಸಾಲು ಎಣಿಸಿದರು, ಆಮೇಲೆ ಮತ್ತೊಂದು.

"ಹೋಗಿಬನ್ನಿ" ಎಂದಷ್ಟೇ ಹೇಳಿದರು.

ಏನಾಗುತ್ತದೋ ಗೊತ್ತಿಲ್ಲ. ಬಸ್ಸಿನಲ್ಲಿ ಕೂತೇ ನಿದ್ದೆ ಹೋಗಿ ಮೂರು ಸ್ಟಾಪು ಮುಂದೆ ಇಳಿದೆ.

ಸೊಸೆ


ಮಾರ್ಚ್ 23

ಆದೇಶ ಬಂತು. "ದೋಷ ಸಾಬೀತಾಗಿಲ್ಲ" ಅಂತ ಬರೆದಿದ್ದಾರೆ. ತಪ್ಪಿಲ್ಲ ಅಂತ ಬರೆಯೋಕೆ ಶಾಯಿ ಸಾಲಲಿಲ್ಲವೇನೋ. ಏಪ್ರಿಲ್ ಎಂಟು, ಸೋಮವಾರದಿಂದ ಮೂರನೇ ಪಂಪ್‌ಹೌಸಿಗೆ ವಾಪಸ್. ನಿನ್ನ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹಾಕಿದ್ದಾರಂತೆ, ಡ್ರೈವರ್ ಹೇಳಿದ. ತೆಗೆದಿಲ್ಲವಲ್ಲ.

ನೀನು ಹೋಗಿ ಹೇಳಿದ್ದು ದೊಡ್ಡ ವಿಷಯ. ಅದನ್ನ ಬರೆದು ಹೇಳ್ತಿದ್ದೀನಿ, ಬಾಯಲ್ಲಿ ನನಗೆ ಬರಲ್ಲ.

ಪಂಪ್‌ಹೌಸಿಗೆ ಬರೋದು ಖಂಡಿತ. ಮನೆಗೋ, ಅಥವಾ ಅಲ್ಲೇ ಹತ್ತಿರ ಒಂದು ರೂಮು ನೋಡಿಕೊಳ್ಳೋದೋ, ಇನ್ನೂ ತೀರ್ಮಾನ ಮಾಡಿಲ್ಲ. ಯಾಕೆ ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ನೀನು ನಿದ್ದೆಗೆಟ್ಟು ನೂರು ಕಾರಣ ಹುಡುಕ್ತೀಯ.

ನಿನ್ನ ಪ್ರೋಗ್ರಾಂ ತಪ್ಪಾಯ್ತು ಅನ್ನೋದು ನನಗೆ ನೋವಲ್ಲ. ನಾನೂ ಒಂದು ಸಲ ಕವಾಟ ಉಲ್ಟಾ ತಿರುಗಿಸಿ ಅರ್ಧ ಊರಿಗೆ ನೀರಿಲ್ಲದ ಹಾಗೆ ಮಾಡಿದ್ದೆ. ಆದರೆ ನವೆಂಬರ್ ನಾಲ್ಕರಿಂದ ನಾನು ಹೊರಡೋವರೆಗೆ ಇಪ್ಪತ್ತಾರು ದಿನ. ಅಷ್ಟು ದಿನವೂ ನಾವಿಬ್ಬರೂ ಎದುರು ಬದುರು ಕೂತು ಊಟ ಮಾಡಿದೆವು. ಯಾವ ಯಂತ್ರ ಯಾವುದಕ್ಕೆ ಏನು ಕಳಿಸಿತು ಅಂತ ನೀನು ಸಾವಿರ ಸಾಲು ಓದಿದೆ. ಆವತ್ತು ಅಲ್ಲಿ ಏನಾಯ್ತು ಅಂತ ನನ್ನನ್ನ ಒಂದು ಸಲ ಕೇಳಲಿಲ್ಲ. ನನ್ನ ಮಗನೂ ಕೇಳಲಿಲ್ಲ, ಆದರೆ ಅವನು ಯಾವಾಗಲೂ ಹಾಗೆ. ನಿನ್ನಿಂದ ನಿರೀಕ್ಷೆ ಇತ್ತು.

ಅತ್ತೆ


ಮಾರ್ಚ್ 28

ಅತ್ತೆ,

ಇದಕ್ಕೆ ಉತ್ತರವಾಗಿ ಮೂರು ಪುಟ ಬರೆದು ಹರಿದೆ. ಮೂರರಲ್ಲೂ ನನ್ನ ವಿಷಯವೇ ಇತ್ತು.

ನವೆಂಬರ್ ನಾಲ್ಕರ ಬೆಳಿಗ್ಗೆ ಪಂಪ್‌ಹೌಸಿನಲ್ಲಿ ಏನಾಯಿತು?

ಸೊಸೆ


ಏಪ್ರಿಲ್ 6

ಸೋಮವಾರ ಮನೆಗೇ ಬರ್ತೀನಿ. ಬಂದ ಮೇಲೆ ಹೇಳಬಹುದಿತ್ತು, ಆದರೆ ಎದುರು ಕೂತು ಹೇಳೋ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ.

ಏಳು ಹತ್ತಕ್ಕೆ ಪರದೆಯ ಮೇಲೆ ಮಟ್ಟ ಮೂರು ಮೀಟರ್ ಇಪ್ಪತ್ತಕ್ಕೆ ನಿಂತಿತು. ಮುದುಕ ಯೋಚನೆ ಮಾಡ್ತಿದ್ದಾನೆ ಅಂದುಕೊಂಡೆ. ಐದು ನಿಮಿಷ ಆದರೂ ಅದೇ. ಹೊರಗೆ ಬಂದು ನೋಡಿದೆ, ಟ್ಯಾಂಕಿನ ಮೇಲಿನ ಕೊಳವೆಯಿಂದ ನೀರು ಸುರೀತಿತ್ತು. ನಿಯಂತ್ರಣ ಕೊಠಡಿಗೆ ಫೋನ್ ಮಾಡಿದೆ. ಮೂರು ಸಲ. ರಿಂಗಾಯ್ತು, ಯಾರೂ ಎತ್ತಲಿಲ್ಲ. ನೀವೆಲ್ಲ ಪರದೆ ಮುಂದೆ ನಿಂತಿದ್ದಿರಿ ಅಂತ ಆಮೇಲೆ ಗೊತ್ತಾಯ್ತು.

ಪಂಪು ನಿಲ್ಲಿಸೋ ಗುಂಡಿ ಒತ್ತಿದೆ. ನಿಲ್ಲಲಿಲ್ಲ. ಎಲ್ಲ ನಿಯಂತ್ರಣ ಕೊಠಡಿಯಿಂದಲೇ ನಡೆಸ್ತೀವಿ ಅಂತ ಎರಡು ವರ್ಷದ ಹಿಂದೆ ಬಂದವರು ಆ ಗುಂಡಿಯ ತಂತಿ ತೆಗೆದಿದ್ದರು. ಉಳಿದದ್ದು ದೊಡ್ಡ ಕವಾಟ. ಚಕ್ರ ಹಿಡಿದು ಕೈಯಲ್ಲೇ ಮುಚ್ಚಬೇಕು. ಇಬ್ಬರು ಗಂಡಸರು ಸೇರಿ ತಿರುಗಿಸೋದು. ನನ್ನ ಪಾಳಿಯಲ್ಲಿ ನಾನೊಬ್ಬಳೇ.

ನೂರಾ ನಲವತ್ತೆರಡು ಸುತ್ತು. ಎಣಿಸಿಕೊಂಡೇ ತಿರುಗಿಸಿದೆ, ಎಣಿಸದಿದ್ದರೆ ಇನ್ನೆಷ್ಟು ಉಳಿದಿದೆ ಅಂತ ಗೊತ್ತಾಗಲ್ಲ. ಅರವತ್ತರ ಹತ್ತಿರ ಕೈ ಮರಗಟ್ಟಿತು, ಸ್ವಲ್ಪ ಹೊತ್ತು ಮೊಣಕೈಯಿಂದ ತಳ್ಳಿದೆ. ಏಳು ನಲವತ್ತೆರಡಕ್ಕೆ ನೀರು ನಿಂತಿತು. ನಿಮ್ಮ ನೆಟ್‌ವರ್ಕ್ ಸರಿಹೋಗೋಕೆ ಎಂಟು ನಿಮಿಷ ಮುಂಚೆ. ಬಡಗಿಗಳ ಬೀದಿಯಲ್ಲಿ ನೀರು ಮೊಣಕಾಲಿಗೆ ಬರದೆ ಹೊಸ್ತಿಲಿಗೇ ನಿಂತದ್ದು ಅದಕ್ಕೆ. ಲಾಗ್‌ಬುಕ್ಕಲ್ಲಿ ಬರೆದು ಸಹಿ ಹಾಕಿದ್ದೀನಿ: ಕವಾಟ ಕೈಯಿಂದ ಮುಚ್ಚಲಾಯಿತು. ವಿಚಾರಣೆಗೆ ಆ ಪುಸ್ತಕ ಯಾರೂ ತರಿಸಲಿಲ್ಲ. ಹೊರಗಿನದು ಏನಾದರೂ ಸಿಕ್ಕಿಸಿದ್ದೀರಾ, ಹೌದೋ ಇಲ್ಲವೋ, ಅಂತ ಕೇಳಿದರು. ಇಲ್ಲ ಅಂದೆ. ಅಷ್ಟೇ ಕೇಳಿದ್ದು.

ಆವತ್ತು ಊಟಕ್ಕೆ ಕೂತಾಗ ನನ್ನ ಕೈ ನಡುಗ್ತಿತ್ತು. ತುತ್ತು ಎರಡು ಸಲ ಜಾರಿ ತಟ್ಟೆಗೆ ಬಿತ್ತು. ನೀನು ನೋಡಿದೆ, ನೋಡಿ ತಲೆ ತಗ್ಗಿಸಿದೆ. ತಪ್ಪು ಮಾಡಿದವರ ಕೈ ಅಂದುಕೊಂಡಿರಬೇಕು.

ಕವಾಟ ತಿರುಗಿಸಿದ ಕೈ ಅದು.

ನಿನ್ನ ಅತ್ತೆ